ಬಿಸಿಲಲ್ಲಿ ಅಮೋನಿಯಾ ಮಾಡುವ ಜೆಲ್ ಯೂರಿಯಾ ಚೀಲದ ಜಾಗಕ್ಕೆ ಬರುತ್ತಾ?

ಪ್ರಶ್ನೆ: ನಮ್ಮದು ದಾವಣಗೆರೆ ತಾಲ್ಲೂಕು, ಮಾಯಕೊಂಡದ ಕಡೆ. ಬೋರ್‌ವೆಲ್ ನೀರಲ್ಲಿ ನಾಲ್ಕು ಎಕರೆ ಮೆಕ್ಕೆಜೋಳ ಮಾಡುತ್ತೇವೆ. ಮೇಲುಗೊಬ್ಬರದ ಹೊತ್ತಿಗೆ ಯೂರಿಯಾಕ್ಕೆ ಅಲೆಯುವುದೇ ದೊಡ್ಡ ಕೆಲಸ. ಮೊನ್ನೆ ಒಬ್ಬರು ಊರಿಗೆ ಬಂದಿದ್ದರು. ಸಮುದ್ರ ಪಾಚಿಯಿಂದ ಮಾಡಿದ ಜೆಲ್ ಇದೆ, ಬಿಸಿಲು ಬಿದ್ದರೆ ಗಾಳಿಯಿಂದಲೇ ಅಮೋನಿಯಾ ಮಾಡುತ್ತೆ, ಮಣ್ಣಿಗೆ ಸೇರಿಸಿದರೆ ಯೂರಿಯಾನೇ ಬೇಡ ಅಂದರು. ಮಗಳು ದಾವಣಗೆರೆಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಾಳೆ. ‘ಅಂಥ ಸಂಶೋಧನೆ ನಿಜವಾಗ್ಲೂ ನಡೀತಿದೆ ಅಪ್ಪಾ, ನಾನೂ ಪ್ರಾಜೆಕ್ಟ್‌ಗೆ ಅದನ್ನೇ ತಗೋತೀನಿ’ ಅಂತಾಳೆ. ಪ್ಯಾಕೆಟ್ ತಗೊಳ್ಳಲಾ? ಮಗಳಿಗೆ ಏನು ಹೇಳಲಿ?

ಉತ್ತರ: ಪ್ಯಾಕೆಟ್ ವಿಷಯ ಮೊದಲು ಮುಗಿಸಿಬಿಡೋಣ. ಯೂರಿಯಾ ಬದಲಿಗೆ ಅಂತ ಅದನ್ನು ತಗೋಬೇಡಿ. ರೈತರಿಗಾಗಿ ಮಾರುಕಟ್ಟೆಗೆ ಬಂದಿರುವ ಹೈಡ್ರೋಜೆಲ್‌ಗಳು ನೀರು ಹಿಡಿದಿಡುವ ಸಾಮಾನು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಅಂಥದ್ದು. ಸೆಲ್ಯುಲೋಸ್‌ನಿಂದ ಮಾಡಿದ ಹರಳು. ತನ್ನ ತೂಕದ 350 ಪಟ್ಟು ನೀರು ಹೀರುತ್ತದೆ. ಹೆಕ್ಟೇರಿಗೆ 2.5ರಿಂದ 5 ಕೆಜಿ ಹಾಕಲು ಹೇಳುತ್ತಾರೆ. ಮಳೆ ಕೈಕೊಟ್ಟಾಗ ಬೆಳೆ ಇನ್ನೊಂದಿಷ್ಟು ದಿನ ತಡೆಯುತ್ತದೆ. ಅದರ ಕೆಲಸ ಅಷ್ಟೇ. ಅದೂ ಶುದ್ಧ ನೀರಿನ ಲೆಕ್ಕ. ಗಡಸು ಬೋರ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ತಾಗಿದರೆ ಇಂಥ ಜೆಲ್ ಅಷ್ಟು ಉಬ್ಬುವುದಿಲ್ಲ. ಅಮೋನಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಂದು ವೇಳೆ ಅಮೋನಿಯಾ ಮಾಡುವ ಜೆಲ್ಲೇ ಪ್ಯಾಕೆಟ್‌ನಲ್ಲಿ ಇದೆ ಅಂತಲೇ ಇಟ್ಟುಕೊಳ್ಳಿ. ಬೆಳಕು ಮಣ್ಣಿನೊಳಗೆ ಕೆಲವು ಮಿಲಿಮೀಟರ್‌ಗಿಂತ ಕೆಳಗೆ ಇಳಿಯುವುದಿಲ್ಲ. ಕುಂಟೆ ಹೊಡೆದು ಮಣ್ಣಿಗೆ ಸೇರಿಸಿದ ಜೆಲ್ ಕತ್ತಲಲ್ಲಿ ಕೂತಿರುತ್ತದೆ. ಬಿಸಿಲಿನಿಂದ ನಡೆಯಬೇಕಾದ ಕೆಲಸ ಅಲ್ಲಿ ಹೇಗೆ ನಡೆಯಬೇಕು? ಮಾರಲು ಬಂದವರನ್ನು ಇದೊಂದು ಮಾತು ಕೇಳಿದ್ದರೂ ಸಾಕಿತ್ತು. ಮೇಲೆಯೇ ಹರಡಿದರೆ? ಜೆಲ್ ಎಂದರೆ ಬಹುಪಾಲು ನೀರೇ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ಒಣಗಿ ಹಪ್ಪಳವಾಗುತ್ತದೆ.

ಈಗ ಮಗಳ ಮಾತಿಗೆ ಬರುತ್ತೇನೆ. ಅವಳು ಹೇಳಿದ್ದು ನಿಜ. ಪಾಚಿ, ಸೀಗಡಿ ಸಿಪ್ಪೆ, ಮರದ ನಾರು, ಇವುಗಳಿಂದ ಮಾಡಿದ ಜೆಲ್‌ನಲ್ಲಿ ಬೆಳಕಿಗೆ ಕೆಲಸ ಮಾಡುವ ಪುಡಿ ಕೂರಿಸಿ, ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ಪ್ರಯತ್ನ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ವಿಷಯ ಚೆನ್ನಾಗಿದೆ. ಆದರೆ ಈ ವಿಷಯದ ಲೇಖನಗಳನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಯಾಕೆ ಅನ್ನುವುದೇ ನನ್ನ ಉತ್ತರದ ಮುಖ್ಯ ಭಾಗ.

ಗಾಳಿಯಲ್ಲಿ ಶೇ. 78 ಸಾರಜನಕ. ಮೆಕ್ಕೆಜೋಳದ ಗರಿಗೆ ಇಡೀ ದಿನ ತಾಗುತ್ತಲೇ ಇರುತ್ತದೆ, ಆದರೂ ಗಿಡಕ್ಕೆ ದಕ್ಕುವುದಿಲ್ಲ. ಎರಡು ಸಾರಜನಕ ಪರಮಾಣುಗಳು ಮೂರು ಬಂಧಗಳಿಂದ ಅಂಟಿಕೊಂಡಿರುತ್ತವೆ. ಅದನ್ನು ಪೂರ್ತಿ ಬಿಡಿಸಲು ಒಂದು ಮೋಲಿಗೆ, ಅಂದರೆ 28 ಗ್ರಾಂ ಸಾರಜನಕಕ್ಕೆ, ಸುಮಾರು 940 ಕಿಲೋಜೂಲ್ ಶಕ್ತಿ ಬೇಕು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಒತ್ತಡ ಮತ್ತು ಶಾಖ ಬಳಸಿ ಸಾರಜನಕ, ಹೈಡ್ರೋಜನ್ ಸೇರಿಸಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದರು. 1913ರಲ್ಲಿ ಓಪ್ಪೌ ಎಂಬಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಅದೇ ದಾರಿ. ಕಬ್ಬಿಣದ ವೇಗವರ್ಧಕ, 400ರಿಂದ 500 ಡಿಗ್ರಿ ಶಾಖ, ವಾತಾವರಣದ ನೂರೈವತ್ತು-ಇನ್ನೂರು ಪಟ್ಟು ಒತ್ತಡ. ಹೈಡ್ರೋಜನ್ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರುತ್ತದೆ. ಕರ್ನಾಟಕದಲ್ಲಿ ಯೂರಿಯಾ ಮಾಡುವ ಕಾರ್ಖಾನೆ ಮಂಗಳೂರಿನ ಪಣಂಬೂರಿನಲ್ಲಿದೆ. ಅದೂ ಮೊದಲು ಕಚ್ಚಾತೈಲದಿಂದ ಬರುವ ನಾಫ್ತಾ ಬಳಸುತ್ತಿತ್ತು, ಈಗ ಪೈಪಿನಲ್ಲಿ ಬರುವ ಅನಿಲಕ್ಕೆ ಬದಲಾಗಿದೆ. ಗ್ಯಾಸ್ ದರ ಏರಿದರೆ ಗೊಬ್ಬರಕ್ಕೆ ಬಿಸಿ ತಟ್ಟುವುದು ಇದಕ್ಕೇ.

ಈ ಶಾಖ, ಒತ್ತಡ, ಗ್ಯಾಸ್ ಯಾವುದೂ ಇಲ್ಲದೆ ನೀರು, ಗಾಳಿ, ಬಿಸಿಲಿನಿಂದಲೇ ಅಮೋನಿಯಾ ಬಂದರೆ ಎಷ್ಟು ಚೆಂದ ಅಲ್ವಾ? ಆಸೆ ಹೊಸದೇನಲ್ಲ. 1940ರ ದಶಕದಲ್ಲೇ ಅಲಹಾಬಾದಿನ ರಸಾಯನ ವಿಜ್ಞಾನಿ ನೀಲರತನ್ ಧರ್, ಮಣ್ಣಿಗೆ ಸಾರಜನಕ ಸೇರಲು ಬಿಸಿಲೂ ನೆರವಾಗುತ್ತದೆ ಎಂದು ವಾದಿಸಿದ್ದರು. 1977ರಲ್ಲಿ ಅಮೆರಿಕದ ಶ್ರೌಟ್ಸರ್ ಮತ್ತು ಗುತ್ ಕಬ್ಬಿಣ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ನೇರಳಾತೀತ ಬೆಳಕು ಬಿಟ್ಟು ಅಮೋನಿಯಾ ಕಂಡೆವು ಎಂದು ಬರೆದರು. ಟೈಟಾನಿಯಂ ಡೈಆಕ್ಸೈಡ್ ಎಂದರೆ ಗೋಡೆಯ ಬಿಳಿ ಪೇಂಟಿನಲ್ಲಿ ಇರುವುದೇ.

ಕೆಲಸ ನಡೆಯುವ ರೀತಿ ಹೀಗೆ. ಇಂಥ ಪುಡಿಗೆ ಬೆಳಕು ಬಿದ್ದರೆ ಒಳಗಿನ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ. ಅದು ಇದ್ದ ಜಾಗ ಖಾಲಿಯಾಗುತ್ತದೆ. ಜಿಗಿದ ಎಲೆಕ್ಟ್ರಾನ್ ಸಾರಜನಕಕ್ಕೆ ಸೇರಬೇಕು. ಖಾಲಿ ಜಾಗಕ್ಕೆ ನೀರಿನಿಂದ ಎಲೆಕ್ಟ್ರಾನ್ ಬರಬೇಕು. ಆದರೆ ಹೆಚ್ಚಿನ ಸಲ ಜಿಗಿದದ್ದು ತಿರುಗಿ ಅದೇ ಜಾಗಕ್ಕೆ ಬಿದ್ದು ಎಲ್ಲ ಸುಮ್ನೆ ಶಾಖವಾಗಿ ಹೋಗುತ್ತದೆ. ಉಳಿದದ್ದರಲ್ಲೂ ಬಹಳಷ್ಟು ನೀರಿನಿಂದ ಹೈಡ್ರೋಜನ್ ಮಾಡಲು ಖರ್ಚಾಗುತ್ತದೆ, ಯಾಕೆಂದರೆ ಅದು ಸುಲಭದ ದಾರಿ. ಇನ್ನೊಂದು ತೊಂದರೆ, ಸಾರಜನಕ ನೀರಿನಲ್ಲಿ ಕರಗುವುದೇ ಕಡಿಮೆ. ಗಾಳಿಗೆ ತೆರೆದಿಟ್ಟ ಒಂದು ಲೀಟರ್ ನೀರಿನಲ್ಲಿ ಸುಮಾರು 14 ಮಿಲಿಗ್ರಾಂ ಅಷ್ಟೇ. ಟೈಟಾನಿಯಂ ಪುಡಿಗಂತೂ ನೇರಳಾತೀತ ಬೆಳಕೇ ಬೇಕು. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು.

ಜೆಲ್‌ನ ಪಾತ್ರ ಇಲ್ಲಿ ಬರುತ್ತದೆ. ಅಮೋನಿಯಾ ಮಾಡುವುದು ಪುಡಿ, ಜೆಲ್ ಅಲ್ಲ. ಇದನ್ನು ಮರೆತರೆ ಮುಂದಿನದೆಲ್ಲ ಗೊಂದಲ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಸುತ್ತ ಲೋಳೆ ಉಬ್ಬಿಕೊಂಡು ಕಾಳು ಮಧ್ಯದಲ್ಲಿ ನಿಲ್ಲುತ್ತದಲ್ಲ, ಹಾಗೆ ಪುಡಿಯ ಕಣಗಳು ಜೆಲ್‌ನಲ್ಲಿ ಹಿಡಿದಂತೆ ಕೂರುತ್ತವೆ. ತಳಕ್ಕೆ ಇಳಿಯುವುದಿಲ್ಲ, ಒಂದಕ್ಕೊಂದು ಅಂಟುವುದಿಲ್ಲ. ಕೆಲಸ ಮುಗಿದ ಮೇಲೆ ಸೋಸುವ ತಾಪತ್ರಯವೂ ಇಲ್ಲ. ಜೆಲ್‌ನ ತೆಳು ಪದರವನ್ನು ನೀರಿನ ಮೇಲೆ ತೇಲಿಬಿಟ್ಟರೆ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು, ನಡುವೆ ಪುಡಿ. ಆಗ ಸಾರಜನಕ ನೀರಿನಲ್ಲಿ ಕರಗಿ ಬರಲಿ ಎಂದು ಕಾಯಬೇಕಿಲ್ಲ. ನನ್ನ ಲೆಕ್ಕದಲ್ಲಿ ಜೆಲ್‌ನ ನಿಜವಾದ ಉಪಯೋಗ ಇದೇ.

ಯಾವ ಜೆಲ್? ಕಂದು ಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್ ಎಲ್ಲಕ್ಕಿಂತ ಸುಲಭ. ಅದರ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಕ್ಷಣದಲ್ಲಿ ಮಣಿಗಳಾಗುತ್ತವೆ. ಸೀಗಡಿ, ಏಡಿ ಸಿಪ್ಪೆಯಿಂದ ಬರುವ ಕೈಟೋಸಾನ್ ಇನ್ನೊಂದು. ಅದು ವಿನೆಗರ್‌ನಂಥ ಸೌಮ್ಯ ಆಮ್ಲದಲ್ಲಿ ಕರಗುತ್ತದೆ. ಸೆಲ್ಯುಲೋಸ್ ಮೂರನೆಯದು. ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ. ಮೆಕ್ಕೆಜೋಳದ ದಂಟು, ಹತ್ತಿ ಕಟ್ಟಿಗೆ, ಚನ್ನಗಿರಿಯ ಅಡಿಕೆ ಸಿಪ್ಪೆ, ಎಲ್ಲದರಲ್ಲೂ ಇದೆ. ಹರಿಹರದ ಹೊಳೆಯಾಚೆ ಕುಮಾರಪಟ್ಟಣಂನಲ್ಲಿ ಮರದಿಂದ ರೇಯಾನ್ ತಿರುಳು ತೆಗೆಯುವ ಕಾರ್ಖಾನೆ ಇರುವುದು ನಿಮಗೆ ಗೊತ್ತೇ ಇದೆ, ಅದೂ ಸೆಲ್ಯುಲೋಸೇ. ಹುಣಸೆ ಬೀಜದ ಪುಡಿಯೂ ಒಳ್ಳೆ ಅಂಟು ಕೊಡುತ್ತದೆ.

ಇಲ್ಲಿ ಮಗಳು ಗಮನಿಸಬೇಕಾದ ಮಾತು. ಲೇಖನದಲ್ಲಿ ‘ಅಮೋನಿಯಾ ಬಂತು’ ಅಂತ ಬರೆದಿದ್ದರೆ ಮೊದಲು ಕೇಳಬೇಕಾದ್ದು: ಅದರೊಳಗಿನ ಸಾರಜನಕ ಎಲ್ಲಿಂದ ಬಂತು? ಗಾಳಿಯಿಂದಲೇ ಬಂತಾ, ಜೆಲ್‌ನಿಂದಲೇ ಬಂತಾ?

ಕೈಟೋಸಾನ್ ತೂಕದಲ್ಲಿ ಶೇ. 7-8ರಷ್ಟು ಸಾರಜನಕವೇ ಇದೆ. ಜೆಲಟಿನ್ ಪ್ರೋಟೀನು, ಅದರಲ್ಲಿ ಇನ್ನೂ ಜಾಸ್ತಿ. ಒಂದು ಗ್ರಾಂ ಕೈಟೋಸಾನ್‌ನಲ್ಲಿ ಸುಮಾರು 80 ಮಿಲಿಗ್ರಾಂ ಸಾರಜನಕ ಅಂತ ಹಿಡಿಯಿರಿ. ಬೆಳಕಿಗೆ ಅದರಲ್ಲಿ ನೂರಕ್ಕೆ ಒಂದು ಪಾಲು ಕಿತ್ತುಬಂದರೂ 57 ಮೈಕ್ರೋಮೋಲ್, ಅಂದರೆ ಸುಮಾರು ಒಂದು ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಈ ಕ್ಷೇತ್ರದ ಲೇಖನಗಳಲ್ಲಿ ಬರುವ ಫಲಿತಾಂಶಗಳೂ ಹೆಚ್ಚಾಗಿ ಗ್ರಾಂ ಪುಡಿಗೆ ಗಂಟೆಗೆ ಹತ್ತಾರು, ನೂರಾರು ಮೈಕ್ರೋಮೋಲ್. ಅಂದರೆ ಜೆಲ್ ಸ್ವಲ್ಪ ಕೊಳೆತರೂ ‘ಗಾಳಿಯಿಂದ ಗೊಬ್ಬರ’ ಅಂತ ಕಾಣುತ್ತದೆ. ಪುಡಿಯಾಗಿ ಕಾರ್ಬನ್ ನೈಟ್ರೈಡ್ ಬಳಸಿದರೆ ಕೇಳಲೇಬೇಡಿ, ಅದರ ತೂಕದಲ್ಲಿ ಶೇ. 60 ಸಾರಜನಕವೇ. ಇದು ಗೋಚರ ಬೆಳಕಿಗೂ ಕೆಲಸ ಮಾಡುತ್ತದೆ, ಮಾಡಲು ಅಗ್ಗ, ಅದಕ್ಕೇ ಎಲ್ಲರಿಗೂ ಇಷ್ಟ. ಕೈಟೋಸಾನ್‌ನಲ್ಲಿ ಕಾರ್ಬನ್ ನೈಟ್ರೈಡ್ ಹಾಕಿ ಅಮೋನಿಯಾ ಅಳೆಯುವವರು ಎರಡು ಕಡೆಯಿಂದಲೂ ಸಾಬೀತು ಕೊಡಬೇಕು.

ಹೊರಗಿನಿಂದಲೂ ಅಮೋನಿಯಾ ನುಸುಳುತ್ತದೆ. ನಮ್ಮ ಉಸಿರಿನಲ್ಲಿದೆ, ಕೈಗವಸಿನಲ್ಲಿದೆ, ಲ್ಯಾಬಿನ ಗಾಳಿಯಲ್ಲಿದೆ, ಸಿಲಿಂಡರ್‌ನ ಸಾರಜನಕದಲ್ಲಿ ಬೆರೆತ ನೈಟ್ರೋಜನ್ ಆಕ್ಸೈಡ್‌ಗಳೂ ಅಮೋನಿಯಾ ಆಗಿಬಿಡಬಹುದು. ಅಳೆಯಬೇಕಾದ ಅಮೋನಿಯಾ ಅಷ್ಟು ಕಡಿಮೆ ಇದ್ದಾಗ ಈ ಕಸವೇ ಫಲಿತಾಂಶ ಆಗಿಬಿಡುತ್ತದೆ. 2019ರಲ್ಲಿ ಡೆನ್ಮಾರ್ಕ್, ಅಮೆರಿಕ, ಬ್ರಿಟನ್ನಿನ ಸಂಶೋಧಕರು ಸೇರಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಕಟ್ಟುನಿಟ್ಟಿನ ವಿಧಾನ ಬರೆದರು. ಅದು ವಿದ್ಯುತ್‌ನಿಂದ ಅಮೋನಿಯಾ ಮಾಡುವವರಿಗಾಗಿ ಬರೆದದ್ದು, ಆದರೆ ಬೆಳಕಿನವರಿಗೂ ಅಷ್ಟೇ ಸಲ್ಲುತ್ತದೆ. ಸಾರ ಇಷ್ಟು: ಮಾಮೂಲಿ ಸಾರಜನಕದ ಜಾಗದಲ್ಲಿ ನೈಟ್ರೋಜನ್-15 ಎಂಬ ಸ್ವಲ್ಪ ಭಾರದ ಸಾರಜನಕ ಕೊಡಿ. ಹೊರಬರುವ ಅಮೋನಿಯಾದಲ್ಲೂ ಅದೇ ನೈಟ್ರೋಜನ್-15 ಇರಬೇಕು, ಪ್ರಮಾಣವೂ ಹೊಂದಬೇಕು. ಆ ಗ್ಯಾಸನ್ನೂ ಮೊದಲು ತೊಳೆದು ಬಳಸಬೇಕು, ಅದರಲ್ಲೂ ಅಮೋನಿಯಾದ ಕಲಬೆರಕೆ ಸಿಕ್ಕಿದೆ. ಈ ಪರೀಕ್ಷೆ ಇಲ್ಲದ ಲೇಖನವನ್ನು ನಾನು ಪಕ್ಕಕ್ಕೆ ಇಡುತ್ತೇನೆ. ಕೆಲವರಿಗೆ ಇದು ಹಠ ಅನ್ನಿಸಬಹುದು.

ಆಲ್ಜಿನೇಟ್, ಸೆಲ್ಯುಲೋಸ್‌ಗಳ ಅಣುವಿನಲ್ಲಿ ಸಾರಜನಕ ಇಲ್ಲ. ಹಾಗಾಗಿ ಶುರು ಮಾಡುವವರಿಗೆ ಅವೇ ವಾಸಿ. ಅವುಗಳಲ್ಲೂ ಒಂದು ಮೋಸ ಇದೆ, ಇದನ್ನು ಬಹಳ ಜನ ಬರೆಯುವುದಿಲ್ಲ. ಖಾಲಿ ಜಾಗಕ್ಕೆ ನೀರಿನಿಂದ ಎಲೆಕ್ಟ್ರಾನ್ ಬರಬೇಕು ಅಂದೆನಲ್ಲ, ನೀರಿಗಿಂತ ಸುಲಭವಾಗಿ ಜೆಲ್ಲೇ ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ಆಗ ಅಮೋನಿಯಾ ಚೆನ್ನಾಗಿ ಬರುತ್ತದೆ, ಜೆಲ್ ಮಾತ್ರ ಒಳಗಿಂದ ಸವೆಯುತ್ತ ಹೋಗುತ್ತದೆ. ಮೊದಲ ಆರು ಗಂಟೆಯ ಫಲಿತಾಂಶ ನೋಡಿ ಹಿಗ್ಗಬಾರದು. ಅದೇ ಜೆಲ್ ನಾಲ್ಕನೇ ದಿನ ಹೇಗಿದೆ ಅಂತ ನೋಡಬೇಕು.

ಇನ್ನು ರೈತನ ಲೆಕ್ಕ. ಎಲ್ಲ ಸರಿಯಾಗಿಯೇ ನಡೆಯಿತು ಅಂತ ಇಟ್ಟುಕೊಳ್ಳೋಣ. ನೀರಾವರಿ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 150 ಕೆಜಿ ಸಾರಜನಕದ ಶಿಫಾರಸು ಇದೆ, ಎಕರೆಗೆ 60 ಕೆಜಿ. 45 ಕೆಜಿ ಯೂರಿಯಾ ಚೀಲದಲ್ಲಿ ಶೇ. 46ರಂತೆ ಹತ್ತಿರ ಹತ್ತಿರ 21 ಕೆಜಿ ಸಾರಜನಕ. ಮೂರು ಚೀಲ ಆಯಿತು. ಡಿಎಪಿಯಿಂದ ಬರುವುದನ್ನು ಈಗ ಬಿಡಿ.

ಜಪಾನಿನ ಒಸಾಕಾ ವಿಶ್ವವಿದ್ಯಾಲಯದವರು 2017ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಬಳಸಿ, ನೀರು ಮತ್ತು ಸಾರಜನಕದಿಂದ ಅಮೋನಿಯಾ ಮಾಡಿ, ಬಿಸಿಲಿನ ಶಕ್ತಿಯ ಶೇ. 0.02 ಭಾಗ ಅದರಲ್ಲಿ ಸೇರಿತು ಎಂದು ವರದಿ ಮಾಡಿದರು. ಆಮೇಲೆ ಶೇ. 0.1ರ ಆಸುಪಾಸಿನ ವರದಿಗಳೂ ಬಂದಿವೆ. ನಮ್ಮ ಕಡೆ ದಿನಕ್ಕೆ ಒಂದು ಚದರ ಮೀಟರಿಗೆ ಸುಮಾರು 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಶೇ. 0.02ರಂತೆ ಲೆಕ್ಕ ಹಾಕಿದರೆ ಚದರ ಮೀಟರಿಗೆ ದಿನಕ್ಕೆ 0.15 ಗ್ರಾಂ ಸಾರಜನಕ. ನೂರು ದಿನದ ಬೆಳೆಗೆ 60 ಕೆಜಿ ಬೇಕು ಅಂದರೆ ಸುಮಾರು 4,000 ಚದರ ಮೀಟರ್ ಬೇಕು. ಒಂದು ಎಕರೆ ಜೋಳಕ್ಕೆ ಪಕ್ಕದಲ್ಲಿ ಇನ್ನೊಂದು ಎಕರೆ ತುಂಬ ಜೆಲ್ ಹಾಸಬೇಕು! ಶೇ. 0.1 ಆದರೆ 8 ಗುಂಟೆ ಸಾಕು. ಎಂಟು ಗುಂಟೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅದು ಶುದ್ಧ ನೀರು, ಶುದ್ಧ ಸಾರಜನಕ, ಹೊಸ ಪುಡಿಯ ಲ್ಯಾಬ್ ಲೆಕ್ಕ. ಹೊಲದ ಧೂಳು, ಗಾಳಿಯ ಆಮ್ಲಜನಕ, ಬೋರ್ ನೀರಿನ ಉಪ್ಪು, ಮೂರು ತಿಂಗಳ ಬಿಸಿಲು, ಇವೆಲ್ಲ ಸೇರಿದ ಮೇಲೂ ಅಷ್ಟೇ ಬರುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ. ತಯಾರಾದ ಅಮೋನಿಯಾ ಅಲ್ಲೇ ಉಳಿದರೆ ಅದೇ ಪುಡಿ ಅದನ್ನು ತಿರುಗಿ ನೈಟ್ರೇಟ್ ಮಾಡಿಬಿಡುವುದೂ ಉಂಟು.

ಇದಕ್ಕೆ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. 60 ಕೆಜಿ ಸಾರಜನಕ ಎಂದರೆ 73 ಕೆಜಿ ಅಮೋನಿಯಾ. ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆದು, ಹೇಬರ್ ದಾರಿಯಲ್ಲೇ ಅಮೋನಿಯಾ ಮಾಡಿದರೆ ಕೆಜಿಗೆ 10-11 ಯೂನಿಟ್ ಕರೆಂಟ್ ಖರ್ಚು. ಒಟ್ಟು 800 ಯೂನಿಟ್. ಮನೆ ಚಾವಣಿಯ 2 ಕಿಲೋವ್ಯಾಟ್ ಸೋಲಾರ್ ಫಲಕ ನೂರು ದಿನದಲ್ಲಿ ಅಷ್ಟನ್ನು ಕೊಡುತ್ತದೆ. ಜಾಗ ಹತ್ತು ಚದರ ಮೀಟರಿನ ಆಸುಪಾಸು. ಎಂಟು ಗುಂಟೆ ಎಲ್ಲಿ, ಹತ್ತು ಚದರ ಮೀಟರ್ ಎಲ್ಲಿ! ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ, ಪಾವಗಡದ ಸೋಲಾರ್ ಪಾರ್ಕ್‌ನಂಥ ಕಡೆಯ ಕರೆಂಟಿನಿಂದ ಅಮೋನಿಯಾ ಮಾಡುವುದು ಇವತ್ತಿಗೆ ಹೆಚ್ಚು ನಂಬಬಹುದಾದ ದಾರಿ. ಕೇಂದ್ರ ಸರ್ಕಾರ 2023ರಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದ್ದು ಈ ದಾರಿಯನ್ನೇ ನೆಚ್ಚಿಕೊಂಡು. ಆದರೆ ಆ ಒತ್ತಡದ ಯಂತ್ರವನ್ನು ಎರಡು ಕಿಲೋವ್ಯಾಟ್‌ಗೆ ಅಂತ ಚಿಕ್ಕದಾಗಿ ಮಾಡಿ ಗೋದಾಮಿನಲ್ಲಿ ಇಟ್ಟರೆ ಗಿಟ್ಟುವುದಿಲ್ಲ. ಜೆಲ್‌ಗೆ ಒಂದೇ ಗೆಲುವಿನ ಜಾಗ ಇದೆ. ಅದಕ್ಕೆ ಒತ್ತಡ ಬೇಡ, ಶಾಖ ಬೇಡ, ಎಷ್ಟು ಚಿಕ್ಕದಾಗಿ ಬೇಕಾದರೂ ಮಾಡಬಹುದು.

ಬೆಳಕಿನ ಪುಡಿಗೆ ಜೀವಿಗಳ ಕಿಣ್ವ ಜೋಡಿಸುವ ದಾರಿಯೂ ಒಂದಿದೆ. ಚಳ್ಳಕೆರೆ ಕಡೆ ಶೇಂಗಾ ಗಿಡ ಕಿತ್ತು ಬೇರು ನೋಡಿದರೆ ಗಂಟುಗಳಿರುತ್ತವೆ, ಒಡೆದರೆ ಒಳಗೆ ನಸುಗೆಂಪು. ಅದರೊಳಗಿನ ಬ್ಯಾಕ್ಟೀರಿಯಾದಲ್ಲಿ ನೈಟ್ರೋಜನೇಸ್ ಎಂಬ ಕಿಣ್ವ ಇದೆ. ಯಾವ ಒತ್ತಡವೂ ಇಲ್ಲದೆ ಸಾರಜನಕವನ್ನು ಅಮೋನಿಯಾ ಮಾಡುತ್ತದೆ. 2016ರಲ್ಲಿ ಅಮೆರಿಕದ ಸಂಶೋಧಕರು ಈ ಕಿಣ್ವದ ಮುಖ್ಯ ಭಾಗವನ್ನು ಕ್ಯಾಡ್ಮಿಯಂ ಸಲ್ಫೈಡ್ ಕಣಗಳಿಗೆ ಜೋಡಿಸಿ, ಬೆಳಕು ಬಿಟ್ಟು, ಸಹಜ ವೇಗದ ಶೇ. 63ರಷ್ಟು ಪಡೆದರು. ಅದ್ಭುತ ಕೆಲಸ. ಆದರೆ ಕ್ಯಾಡ್ಮಿಯಂ ವಿಷ, ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತದೆ. ಹೊಲಕ್ಕೆ ಇದು ಬರುವ ಮಾತಿಲ್ಲ. ಜೋಳದ ನಡುವೆ ತೊಗರಿ ಅಕ್ಕಡಿ ಸಾಲು ಹಾಕಿದರೆ ಬಿಸಿಲಿನಿಂದ ಅಮೋನಿಯಾ ಮಾಡುವ ಅದೇ ಕೆಲಸ ಖರ್ಚಿಲ್ಲದೆ ನಡೆಯುತ್ತದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಗಳ ಪ್ರಾಜೆಕ್ಟ್‌ಗೆ ನನ್ನ ಸಲಹೆ ಬೇರೆ. ಗಾಳಿಯ ಸಾರಜನಕ ಬಿಟ್ಟು ನೀರಿನ ನೈಟ್ರೇಟ್ ಹಿಡಿಯಲಿ. ನೈಟ್ರೇಟ್‌ನಲ್ಲಿ ಸಾರಜನಕ-ಆಮ್ಲಜನಕ ಬಂಧ ಬಿಡಿಸುವುದು ಆ ಮೂರು ಬಂಧದ ಗಂಟಿಗಿಂತ ಬಹಳ ಸುಲಭ. ನೀರಿನಲ್ಲಿ ಚೆನ್ನಾಗಿ ಕರಗಿಯೇ ಇರುತ್ತದೆ. ಬರುವ ಅಮೋನಿಯಾ ಪ್ರಮಾಣವೂ ಜಾಸ್ತಿ, ಹಾಗಾಗಿ ಅಳತೆಯಲ್ಲಿ ಮೋಸ ಹೋಗುವ ಭಯ ಕಡಿಮೆ. ಆಲ್ಜಿನೇಟ್ ಮಣಿಯಲ್ಲಿ ಟೈಟಾನಿಯಂ ಅಥವಾ ಕಬ್ಬಿಣದ ಪುಡಿ ಕೂರಿಸಿ ಚರಂಡಿ ನೀರಿನ ನೈಟ್ರೇಟ್ ಅನ್ನು ಬಿಸಿಲಿನಲ್ಲಿ ಅಮೋನಿಯಂ ಮಾಡಬಹುದಾ ಅಂತ ನೋಡಲಿ. ಆಲ್ಜಿನೇಟ್‌ನ ಆಮ್ಲದ ಗುಂಪುಗಳು ಅಮೋನಿಯಂ ಅನ್ನು ಒಂದಿಷ್ಟು ಹಿಡಿದೂ ಇಟ್ಟುಕೊಳ್ಳುತ್ತವೆ. ಆ ಮಣಿಯನ್ನೇ ಮಣ್ಣಿಗೆ ಹಾಕುವ ಯೋಚನೆಗೆ ಅರ್ಥ ಇದೆ, ಯಾಕೆಂದರೆ ಬೆಳಕಿನ ಕೆಲಸ ತೊಟ್ಟಿಯಲ್ಲೇ ಮುಗಿದಿರುತ್ತದೆ. ನೀರಿನಲ್ಲಿ ಫಾಸ್ಫೇಟ್ ಜಾಸ್ತಿ ಇದ್ದರೆ ಅದು ಮಣಿಯ ಕ್ಯಾಲ್ಸಿಯಂ ಕಿತ್ತುಕೊಂಡು ಮಣಿ ಕರಗುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಲಿ. ಕುಡಿಯುವ ನೀರಿಗೆ ಇದನ್ನು ಹಚ್ಚುವುದು ಬೇಡ, ನೈಟ್ರೇಟ್ ಹೋಗಿ ಅಮೋನಿಯಾ ಉಳಿದರೆ ಏನು ಲಾಭ?

ಅಳತೆಗೆ, ಅಮೋನಿಯಾ ಇದ್ದಷ್ಟು ನೀಲಿ ಬಣ್ಣ ಬರುವ ಇಂಡೋಫೀನಾಲ್ ವಿಧಾನ ಸಾಕು. ಇದೇ ಅಳತೆಗೆ ಬಳಸುವ ನೆಸ್ಲರ್ ದ್ರಾವಣದಲ್ಲಿ ಪಾದರಸ ಇದೆ, ದೂರ ಇಡಲಿ. ಬೆಳಕಿಲ್ಲದೆ ಒಂದು ಸಲ, ಪುಡಿ ಇಲ್ಲದೆ ಬರೀ ಜೆಲ್ ಒಂದು ಸಲ, ನೈಟ್ರೇಟ್ ಇಲ್ಲದೆ ಒಂದು ಸಲ ಅಳೆದು ಇಟ್ಟುಕೊಂಡರೆ ಗೈಡ್ ಏನೇ ಕೇಳಿದರೂ ಉತ್ತರ ಇರುತ್ತದೆ.

ನೈಟ್ರೇಟ್ ಮಾತು ಬಂದದ್ದಕ್ಕೆ ನಿಮಗೂ ಒಂದು ಕೆಲಸ ಹೇಳುತ್ತೇನೆ. ಗೊಬ್ಬರ ಇಳಿದು, ತಿಪ್ಪೆ ಇಳಿದು ಬೋರ್ ನೀರಿಗೆ ನೈಟ್ರೇಟ್ ಸೇರುವುದು ನಮ್ಮ ಒಣ ಸೀಮೆಯಲ್ಲಿ ಹೊಸದಲ್ಲ. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ. ನಿಮ್ಮ ನೀರಿನಲ್ಲಿ ಬರೀ ಅಷ್ಟೇ ಇದೆ ಅಂದುಕೊಂಡರೂ ಲೀಟರಿಗೆ 10 ಮಿಲಿಗ್ರಾಂ ಸಾರಜನಕ ಆಯಿತು. ಎಕರೆಗೆ ಎರಡಿಂಚು ನೀರು ಕೊಟ್ಟರೆ ಎರಡು ಲಕ್ಷ ಲೀಟರ್, ಅದರಲ್ಲಿ 2 ಕೆಜಿ ಸಾರಜನಕ. ಬೆಳೆಗೆ ಐದು ನೀರು ಕೊಟ್ಟರೆ 10 ಕೆಜಿ, ಹೆಚ್ಚುಕಡಿಮೆ ಅರ್ಧ ಚೀಲ ಯೂರಿಯಾ. ಪೂರ್ತಿ ಬೇರಿಗೆ ಸಿಗುವುದಿಲ್ಲ, ಆದರೂ ಒಂದು ಪಾಲು ಸಿಕ್ಕೇ ಸಿಗುತ್ತದೆ. ಗಿಡ ನೈಟ್ರೇಟ್ ಅನ್ನು ಹಾಗೆಯೇ ಕುಡಿಯುತ್ತದೆ, ಅದಕ್ಕೆ ಜೆಲ್ಲೂ ಬೇಡ, ಪುಡಿಯೂ ಬೇಡ. ಮುಂದಿನ ಬಿತ್ತನೆಗೆ ಮುಂಚೆ ಬೋರ್ ನೀರಿನ ಒಂದು ಬಾಟಲಿ ಮಗಳ ಕೈಯಲ್ಲಿ ಕೊಟ್ಟು ಕಳಿಸಿ. ನೈಟ್ರೇಟ್ ಎಷ್ಟಿದೆ ಅಂತ ಅಳೆದು ಹೇಳಿದರೆ ಎರಡನೇ ಮೇಲುಗೊಬ್ಬರದಲ್ಲಿ ಎಷ್ಟು ಕಡಿಮೆ ಮಾಡಬಹುದು ಅಂತ ಲೆಕ್ಕ ಹಾಕಬಹುದು. ಆ ಬೋರ್ ನೀರನ್ನೇ ಮನೆಯಲ್ಲಿ ಕುಡಿಯುತ್ತಿದ್ದರೆ, 45 ದಾಟಿದೆಯಾ ಅಂತ ಮೊದಲು ನೋಡಿ, ಚಿಕ್ಕ ಮಕ್ಕಳಿರುವ ಮನೆಯಾದರೆ ಇದನ್ನು ತಡಮಾಡಬೇಡಿ.